ಬಾಹುಬಲಿಯ ಮನಸ್ಸಿನಲ್ಲಿ ಉಳಿದಿದ್ದುದು: ಏಕಾಗ್ರತೆಯ ಕುರಿತು ಒಂದು ವಿವೇಚನೆ

ಕಳೆದ ದಶಲಕ್ಷಣ ಪರ್ವದ ದಿನಗಳಲ್ಲಿ ನಮ್ಮ ಕಡೆಯ ಬಸದಿಯೊಂದರಲ್ಲಿ ಸಾಮಾಯಿಕದ ವಿಧಿಯನ್ನು ತಿಳಿಸುವ ಕಿರುಹೊತ್ತಗೆಯೊಂದನ್ನು ಶ್ರಾವಕ-ಶ್ರಾವಿಕೆಯರಿಗೆ ಉಚಿತವಾಗಿ ಹಂಚಿದರು. ಅಚ್ಚು ಅಂದವಾಗಿದೆ, ಕಾಗದವೂ ಒಳ್ಳೆಯದು. ವಿಧಿಗೆ ಒಂಬತ್ತು ಪುಟ, ದಾನಿಗಳ ಹೆಸರಿಗೆ ಮೂರು ಪುಟ. ಅದರಲ್ಲಿ ಮನಸ್ಸು ಚಂಚಲವಾದಾಗ ಏನು ಮಾಡಬೇಕೆಂಬುದಕ್ಕೆ ಒಂದು ಭಾಗವನ್ನೇ ಮೀಸಲಿಟ್ಟಿದ್ದಾರೆ. ಮನಸ್ಸು ಮರ್ಕಟ, ಅದನ್ನು ಕಟ್ಟಿಹಾಕಬೇಕು. ಅನ್ಯವಿಚಾರ ಬಂದೊಡನೆ ಹೊರದೂಡಬೇಕು. ಮತ್ತೆ ಬಂದರೆ ಇನ್ನಷ್ಟು ಬಲದಿಂದ ಹೊರದೂಡಬೇಕು. ಒಂದು ಗಂಟೆಯ ಕಾಲ ಒಂದೂ ಅನ್ಯವಿಚಾರ ಸುಳಿಯದಂತೆ ಕುಳಿತವನೇ ನಿಜವಾದ ಸಾಮಾಯಿಕ ಮಾಡಿದವನು ಎಂಬುದು ಅದರ ಸಾರ. ಉದಾಹರಣೆಯಾಗಿ ಭಗವಾನ್ ಬಾಹುಬಲಿ ಸ್ವಾಮಿಯನ್ನು ಕೊಟ್ಟಿದ್ದಾರೆ. ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು, ಹಾವುಗಳು ಹರಿದಾಡಿದವು, ಆದರೂ ಸ್ವಾಮಿಯ ಮನಸ್ಸು ಅತ್ತಿತ್ತ ಅಲುಗಲಿಲ್ಲ; ನಾವೂ ಹಾಗೆಯೇ ಇರಬೇಕು ಎಂದು.

ಹೊತ್ತಗೆಯನ್ನು ಮಾಡಿದವರ ಸದುದ್ದೇಶದಲ್ಲಿ ನನಗೆ ಸಂದೇಹವಿಲ್ಲ. ಆದರೆ ಈ ಉದಾಹರಣೆ ತಪ್ಪಾದುದು ಎಂದು ವಿನಯಪೂರ್ವಕವಾಗಿ ಹೇಳಬೇಕಾಗಿದೆ. ಸ್ವಾಮಿಯ ದೇಹ ಅಲುಗಲಿಲ್ಲವೆಂಬುದು ನಿಜ. ಮನಸ್ಸಿನ ವಿಷಯದಲ್ಲಿ ನಮ್ಮ ಆಚಾರ್ಯರು ಹೇಳಿರುವುದೇ ಬೇರೆ. ನಾನು ಪಂಡಿತನಲ್ಲ, ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು, ತಿಪಟೂರಿನಲ್ಲಿ ನಲವತ್ತು ವರ್ಷ ಕೊಬ್ಬರಿ ಮಂಡಿಯ ಲೆಕ್ಕ ಬರೆದವನು. ಲೆಕ್ಕ ಬರೆಯುವವನಿಗೆ ಒಂದು ದುರಭ್ಯಾಸವಿರುತ್ತದೆ. ಮೊತ್ತವನ್ನು ನೋಡಿ ಸುಮ್ಮನಾಗದೆ, ಮೇಲಿನ ಸಾಲುಗಳನ್ನು ಒಂದೊಂದಾಗಿ ನೋಡುತ್ತಾನೆ. ಈ ಕಥೆಯನ್ನೂ ಹಾಗೆ ನೋಡಬೇಕೆಂದು ಅನಿಸಿತು.

ಕುಂದಕುಂದಾಚಾರ್ಯರು ‘ಭಾವಪಾಹುಡ’ದಲ್ಲಿ ಬಾಹುಬಲಿಯನ್ನು ಹೆಸರಿಸಿ ಹೇಳುವುದು ಹೊಗಳಿಕೆಯ ಮಾತಲ್ಲ. ದೇಹಾದಿಗಳ ಸಂಗವನ್ನು ತ್ಯಜಿಸಿದ್ದರೂ ಮಾನಕಷಾಯದಿಂದ ಕಲುಷಿತನಾಗಿ ಆತ ಬಹುಕಾಲ ಬಿಸಿಲಿನಲ್ಲಿ ನಿಂತಿರಬೇಕಾಯಿತು ಎಂಬುದು ಅಲ್ಲಿನ ಅಭಿಪ್ರಾಯ. ಭಾವಶುದ್ಧಿಯಿಲ್ಲದ ದ್ರವ್ಯಲಿಂಗ ಫಲಕಾರಿಯಲ್ಲವೆಂದು ಸ್ಥಾಪಿಸುವಾಗ ಅವರು ಆಯ್ದುಕೊಂಡ ನಿದರ್ಶನವೇ ಇದು. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ‘ಆದಿಪುರಾಣ’ವನ್ನು ಬರೆಯುವಾಗ ಬೇರೊಂದು ಕಾರಣವನ್ನು ಕೊಡುತ್ತಾರೆ. ಭರತೇಶ್ವರನಿಗೆ ನನ್ನಿಂದಾಗಿ ಸಂಕ್ಲೇಶವಾಯಿತಲ್ಲ ಎಂಬ ಒಂದು ಭಾವ ಬಾಹುಬಲಿಯ ಹೃದಯದಲ್ಲಿ ಸ್ನೇಹರೂಪವಾಗಿ ಉಳಿದಿತ್ತು. ಆದುದರಿಂದ ಕೇವಲಜ್ಞಾನವು ಭರತನ ಪೂಜೆಯನ್ನು ಎದುರುನೋಡುತ್ತಿತ್ತು ಎಂದು. ವರ್ಷಾಂತ್ಯದಲ್ಲಿ ಭರತನು ಬಂದು ಪೂಜಿಸಿದನು, ಜ್ಞಾನವೂ ಬೆಳಗಿತು. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರಲ್ಲಿ ಮತ್ತೊಂದು ರೂಪವಿದೆ. ತನಗಿಂತ ಮೊದಲು ದೀಕ್ಷೆ ಪಡೆದ ಕಿರಿಯ ತಮ್ಮಂದಿರಿಗೆ ತಾನು ವಂದಿಸಬೇಕಾಗುವುದಲ್ಲ ಎಂಬ ಬಿಗುಮಾನ. ಸೋದರಿಯರಾದ ಬ್ರಾಹ್ಮಿ, ಸುಂದರಿಯರು ಬಂದು ಆನೆಯಿಂದ ಇಳಿಯೆಂದು ಎಚ್ಚರಿಸಿದಾಗ ಅದು ಕರಗುತ್ತದೆ. ಇನ್ನು ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳುತ್ತಿದ್ದ ಕಥೆ ಎಲ್ಲರಿಗೂ ಗೊತ್ತಿರುವುದೇ. ಎಲ್ಲವನ್ನೂ ಬಿಟ್ಟೆ, ಆದರೆ ನಿಂತಿರುವ ಎರಡು ಹೆಜ್ಜೆ ನೆಲ ಭರತನದೇ ಅಲ್ಲವೇ ಎಂಬ ಶಲ್ಯ.

ಕಾರಣಗಳು ಭಿನ್ನವಾದರೂ ಒಂದು ಸಂಗತಿಯಲ್ಲಿ ಎಲ್ಲರೂ ಒಮ್ಮತ. ಒಂದು ವರ್ಷದ ಪ್ರತಿಮಾಯೋಗದಲ್ಲಿ, ಅನ್ನ-ನೀರಿಲ್ಲದೆ ನಿಂತ ಮಹಾಪುರುಷನಲ್ಲಿ, ಒಂದು ವಿಚಾರ ಉಳಿದೇ ಇತ್ತು. ಹೊರದೂಡಲು ಬೇಕಾದ ಬಲ ಆತನಲ್ಲಿ ಇಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಚಕ್ರವರ್ತಿಯನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದು ಮೇಲಕ್ಕೆತ್ತಿ ಹಿಡಿದ ಭುಜಗಳವು. ಆ ಬಲವೂ ಈ ಒಂದು ವಿಚಾರದ ಮುಂದೆ ನಡೆಯಲಿಲ್ಲ. ಕಥೆಯನ್ನು ವಿಸ್ತಾರವಾಗಿ ಹೇಳುವ ಕಡೆಗಳಲ್ಲೆಲ್ಲ ಗಂಟು ಬಿಚ್ಚಿದ್ದು ಇನ್ನೊಬ್ಬರು ನಡೆದು ಬಂದಾಗ. ಒಂದು ಕಡೆ ಅಣ್ಣ, ಒಂದು ಕಡೆ ಸೋದರಿಯರು. ಹೊತ್ತಗೆಯವರು ಬಳ್ಳಿಯನ್ನೂ ಹುತ್ತವನ್ನೂ ಉಳಿಸಿಕೊಂಡು ಅಣ್ಣನನ್ನು ಬಿಟ್ಟುಬಿಟ್ಟಿದ್ದಾರೆ.

ಇದಕ್ಕೆ ಒಂದು ಕಾರಣ ಶ್ರವಣಬೆಳಗೊಳದ ಮೂರ್ತಿಯೇ ಇರಬಹುದು. ನಮ್ಮ ಸೀಮೆಯವರಿಗೆ ಬೆಳಗೊಳ ದೂರವಲ್ಲ. 1993, 2006, 2018ರ ಮಹಾಮಸ್ತಕಾಭಿಷೇಕಗಳಿಗೆ ಮನೆಮಂದಿಯೆಲ್ಲ ಹೋಗಿಬಂದವರೇ ಹೆಚ್ಚು. ಐವತ್ತೆಂಟು ಅಡಿಯ ಆ ನಿಲುವಿನಲ್ಲಿ ತೊಡೆಯನ್ನೂ ತೋಳನ್ನೂ ಸುತ್ತಿದ ಬಳ್ಳಿ, ಕಾಲಬಳಿಯ ಹುತ್ತ, ಅಲ್ಲಿಂದ ಹೊರಬರುವ ಹಾವು ಎಲ್ಲವೂ ಕಣ್ಣಿಗೆ ಕಾಣುತ್ತವೆ. ಶಿಲ್ಪಿಯು ಬಳ್ಳಿಯನ್ನು ಕೆತ್ತಬಲ್ಲ. ಅಣ್ಣನಿಗೆ ನೋವಾಯಿತಲ್ಲ ಎಂಬುದನ್ನು ಹೇಗೆ ಕೆತ್ತುವುದು? ಅದನ್ನು ಪುರಾಣದಲ್ಲಿಯೇ ಓದಬೇಕು. ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು 978ರಲ್ಲಿ ಮಹಾಪುರಾಣದ ಕಥೆಗಳನ್ನು ಕನ್ನಡ ಗದ್ಯದಲ್ಲಿ ಬರೆದವನು. ನಾವು ಮಾತ್ರ ಮೂರ್ತಿಯನ್ನು ನೋಡಿದೆವು, ಪುಸ್ತಕವನ್ನು ಮುಚ್ಚಿದೆವು.

ನಮ್ಮ ಕೊಬ್ಬರಿಯವರಿಗೆ ಈ ಒಂದು ವರ್ಷದ ಲೆಕ್ಕ ಬೇಗ ಅರ್ಥವಾಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ರೈತರು ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಉಂಡೆಯಾಗಬೇಕು. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಒಳಗೆ ಗಟ್ಟಿಯಾಗಿ ಉರುಳುವ ಸದ್ದು ಕೇಳಬೇಕು. ಹೊರಗೆ ಎಷ್ಟೇ ಒಣಗಿ ಕಂಡರೂ ಒಳಗೆ ಒಂದು ಗುಟುಕು ನೀರು ಉಳಿದಿದ್ದರೆ ಆ ಕಾಯಿ ಕೆಡುತ್ತದೆ. ಅವಸರದಿಂದ ಒಡೆದವನಿಗೆ ಉಂಡೆ ಸಿಗುವುದಿಲ್ಲ. ಹೊರಗಿನ ಒಣಗುವಿಕೆ ಬೇರೆ, ಒಳಗಿನದು ಬೇರೆ ಎಂಬುದಕ್ಕೆ ನಾವು ಗ್ರಂಥ ನೋಡಬೇಕಾಗಿಲ್ಲ.

ಈಗ ಹೊತ್ತಗೆಯ ಮುಖ್ಯ ವಿಧಿಗೆ ಬರೋಣ. ಅನ್ಯವಿಚಾರ ಸುಳಿಯದಂತೆ ಒಂದು ಗಂಟೆ. ಉಮಾಸ್ವಾತಿ ಆಚಾರ್ಯರು ‘ತತ್ತ್ವಾರ್ಥಸೂತ್ರ’ದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನದ ಲಕ್ಷಣವನ್ನು ಹೇಳುವಾಗ ಎರಡು ನಿಬಂಧನೆಗಳನ್ನು ಹಾಕಿದ್ದಾರೆ. ಉತ್ತಮ ಸಂಹನನವುಳ್ಳವನಿಗೆ, ಅಂದರೆ ಅತ್ಯಂತ ದೃಢವಾದ ಶರೀರರಚನೆಯುಳ್ಳವನಿಗೆ ಎಂಬುದು ಒಂದು. ಅಂತರ್ಮುಹೂರ್ತದವರೆಗೆ ಮಾತ್ರ ಎಂಬುದು ಇನ್ನೊಂದು. ಒಂದು ಮುಹೂರ್ತವೆಂದರೆ 48 ನಿಮಿಷ. ಅಂತರ್ಮುಹೂರ್ತ ಅದಕ್ಕೂ ಕಡಿಮೆ. ವಜ್ರದಂತಹ ಶರೀರವುಳ್ಳವನಿಗೆ ಆಚಾರ್ಯರು 48 ನಿಮಿಷವನ್ನೂ ಪೂರ್ಣವಾಗಿ ಕೊಡಲಿಲ್ಲ. ಮಂಡಿನೋವಿನ ಶ್ರಾವಕನಿಂದ ಹೊತ್ತಗೆಯವರು 60 ನಿಮಿಷ ಕೇಳುತ್ತಿದ್ದಾರೆ!

ಅಲ್ಲದೆ ‘ಏಕಾಗ್ರಚಿಂತಾನಿರೋಧ’ ಎಂಬ ಪದವನ್ನು ನಾವು ಅರ್ಥಮಾಡಿಕೊಳ್ಳುವ ರೀತಿಯಲ್ಲಿಯೂ ದೋಷವಿದೆ. ನಿರೋಧವೆಂದರೆ ಬಾಗಿಲು ಮುಚ್ಚಿ ಅಗುಳಿ ಹಾಕುವುದೆಂದು ತಿಳಿಯುತ್ತೇವೆ. ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಇದನ್ನು ವಿವರಿಸುವಾಗ, ಅನೇಕ ವಿಷಯಗಳ ಮೇಲೆ ಹರಿದಾಡುವ ಚಿಂತೆಯನ್ನು ಒಂದು ವಿಷಯದ ಮೇಲೆ ನಿಲ್ಲಿಸುವುದೆಂದು ಹೇಳಿ, ಅಲುಗದ ದೀಪಶಿಖೆಯ ಹೋಲಿಕೆ ಕೊಡುತ್ತಾರೆ. ದೀಪ ಉರಿಯುತ್ತಲೇ ಇರುತ್ತದೆ, ಅಲುಗುವುದಿಲ್ಲ, ಅಷ್ಟೆ. ಗಾಳಿಯನ್ನು ಬಡಿದು ಓಡಿಸಲು ಹೋದವನ ಕೈಬೀಸಿಗೇ ದೀಪ ಆರಿಹೋಗುತ್ತದೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಾಮಾಯಿಕಕ್ಕೆ ಮೊದಲು ಕೇಳುವುದು ವಿಕ್ಷೇಪವಿಲ್ಲದ ಏಕಾಂತ ಸ್ಥಳವನ್ನು. ಗಾಳಿಯಿಲ್ಲದ ಮೂಲೆಯನ್ನು ಹುಡುಕಿ ದೀಪವಿಡು ಎಂಬಂತೆ. ಬಸದಿಯೊಳಗೆ ಧ್ವನಿವರ್ಧಕವನ್ನೂ ದಾನಿಗಳ ಫಲಕಗಳನ್ನೂ ತುಂಬಿ, ಮೊಬೈಲನ್ನು ಅಂಗಿಯ ಜೇಬಿನಲ್ಲಿಯೇ ಇಟ್ಟುಕೊಂಡು, ಬಳಿಕ ಶ್ರಾವಕನ ಮನಸ್ಸನ್ನು ಮರ್ಕಟವೆಂದು ಜರೆಯುವ ಟ್ರಸ್ಟುಗಳ ಪದಾಧಿಕಾರಿಗಳು ಈ ಭಾಗವನ್ನು ಓದಬೇಕು. ನಾನೂ ಅಂತಹ ಒಂದು ಸಮಿತಿಯಲ್ಲಿದ್ದವನೇ.

ಇನ್ನೊಂದು ಸಣ್ಣ ವಿಷಯ. ಸಾಮಾಯಿಕದಲ್ಲಿ ಮನಸ್ಸು ಬೇರೆಡೆಗೆ ಹೋಗುವುದನ್ನು, ಅನಾದರವನ್ನು, ಮರೆವನ್ನು ಸೂತ್ರಕಾರರು ಅತಿಚಾರಗಳಲ್ಲಿ ಎಣಿಸಿದ್ದಾರೆ. ಅತಿಚಾರವೆಂದರೆ ವ್ರತಕ್ಕೆ ತಗುಲಿದ ಕೊಳೆ, ವ್ರತಭಂಗವಲ್ಲ. ಈ ವಿವೇಕ ಹೊತ್ತಗೆಯಲ್ಲಿ ಇಲ್ಲದ್ದರಿಂದ, ಅದನ್ನು ಓದಿದ ನನ್ನ ಪರಿಚಯದ ಒಬ್ಬ ಹೆಣ್ಣುಮಗಳು ತನ್ನಿಂದ ಸಾಮಾಯಿಕ ಆಗುವುದೇ ಇಲ್ಲವೆಂದು ಕೂರುವುದನ್ನೇ ಬಿಟ್ಟಿದ್ದಾಳೆ. ಒಲೆಯ ಮೇಲಿನ ಹಾಲು ನೆನಪಾಯಿತೆಂಬುದಕ್ಕೆ ವ್ರತವನ್ನೇ ಬಿಡಬೇಕೆ?

ಹಾಲಿನ ನೆನಪಿಗೂ ಬಾಹುಬಲಿಯ ಶಲ್ಯಕ್ಕೂ ಇರುವ ಅಂತರವನ್ನು ನನಗೆ ಕಲಿಸಿದವರು ಯಾವ ಪಂಡಿತರೂ ಅಲ್ಲ, ನಮ್ಮ ಮಂಡಿಯ ಹಳೆಯ ಗುಮಾಸ್ತರು. ಅವರು ಈಗಿಲ್ಲ. ಕಂಪ್ಯೂಟರು ಬರುವುದಕ್ಕೆ ಮುನ್ನ ಕಿರ್ದಿಯ ಉದ್ದುದ್ದ ಪುಟಗಳನ್ನು ಅವರು ಬಾಯಲ್ಲೇ ಕೂಡುತ್ತಿದ್ದರು. ಹರಾಜಿನ ದಿನ, ಹೊರಗೆ ಹಮಾಲರ ಕೂಗು, ಲಾರಿಯ ಸದ್ದು, ರೈತರ ವಿಚಾರಣೆ. ಅವರ ಬೆರಳು ಮಾತ್ರ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಪುಟದ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಚುಕ್ಕೆಗಳಿರುತ್ತಿದ್ದವು. ಹೊಸದಾಗಿ ಪದವಿ ಪಡೆದು ಬಂದ ನಾನು ಅವು ಯಾವ ಲೆಕ್ಕಶಾಸ್ತ್ರದ ಗುರುತು ಎಂದು ಕೇಳಿದೆ. ಕೂಡುವಾಗ ಬೇರೆ ಯೋಚನೆ ಬಂದರೆ ಆ ಸಾಲಿನ ಪಕ್ಕ ಒಂದು ಚುಕ್ಕೆ ಇಟ್ಟು ಮುಂದಕ್ಕೆ ಹೋಗುತ್ತೇನೆ ಎಂದರು. ಯೋಚನೆಯ ಜೊತೆ ಜಗಳವಾಡಲು ನಿಂತರೆ ಮೊತ್ತ ಹೋಗುತ್ತದೆ. ಚುಕ್ಕೆಯಿಟ್ಟರೆ ಅದಕ್ಕೂ ಸಮಾಧಾನ, ನನಗೂ ಸಮಾಧಾನ, ಸಂಜೆ ನೋಡಿಕೊಳ್ಳೋಣವೆಂದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಚುಕ್ಕೆಗಳನ್ನು ನೋಡಿದರೆ ಹತ್ತರಲ್ಲಿ ಒಂಬತ್ತು ಯಾವುದಕ್ಕೆ ಇಟ್ಟದ್ದೆಂದು ಅವರಿಗೇ ನೆನಪಿರುತ್ತಿರಲಿಲ್ಲ. ನೆನಪಿರುತ್ತಿದ್ದ ಒಂದು ಮಾತ್ರ ನಿನ್ನೆಯೂ ಬಂದಿರುತ್ತಿತ್ತು, ಮೊನ್ನೆಯೂ ಬಂದಿರುತ್ತಿತ್ತು. ಅದನ್ನು ಮಾತ್ರ ವಿಚಾರಿಸಬೇಕು ಸ್ವಾಮಿ, ಅದು ಯಾರಿಗೋ ಕೊಡಬೇಕಾದ ಬಾಕಿ, ಎನ್ನುತ್ತಿದ್ದರು.

ಒಂಬತ್ತು ಚುಕ್ಕೆಗಳು ಚಾಂಚಲ್ಯ. ಅವಕ್ಕೆ ಹೊರದೂಡುವ ಗೌರವವೂ ಬೇಡ, ತಾವಾಗಿಯೇ ಹೋಗುತ್ತವೆ. ಹತ್ತನೆಯದು ಶಲ್ಯ. ಶಲ್ಯವೆಂದರೆ ಮುಳ್ಳು, ಶಲ್ಯವಿಲ್ಲದವನೇ ವ್ರತಿ ಎಂದು ಸೂತ್ರ. ಮುಳ್ಳನ್ನು ಹೊರದೂಡುತ್ತಾರೆಯೇ? ಒತ್ತಿದಷ್ಟೂ ಒಳಕ್ಕೆ ಹೋಗುತ್ತದೆ. ಎಲ್ಲಿದೆಯೆಂದು ನೋಡಿ, ಯಾರ ಕೈಯಿಂದಲಾದರೂ ತೆಗೆಸಿಕೊಳ್ಳಬೇಕು. ಹೊತ್ತಗೆಯ ದೋಷ ಇರುವುದು ಇಲ್ಲಿಯೇ. ಎರಡಕ್ಕೂ ಒಂದೇ ಔಷಧವನ್ನು ಬರೆದುಕೊಟ್ಟಿದೆ.

ವ್ಯಾಪಾರಿಗೆ ಚುಕ್ಕೆಗಳ ಕೊರತೆಯೇನೂ ಇಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಅನಿಷ್ಟಸಂಯೋಗ, ಇಷ್ಟವಿಯೋಗ ಎಂಬೆರಡಕ್ಕೆ ನಮ್ಮ ಮಾರುಕಟ್ಟೆಯ ಪ್ರಾಂಗಣಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. ಕೊಂಡಿಟ್ಟವರಿಗೂ ನಿದ್ರೆಯಿಲ್ಲ, ಬೆಳೆದವರಿಗೂ ನಿದ್ರೆಯಿಲ್ಲ. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿಯನ್ನು ದಾಟಿ ಮೇಲೇರಿತು. ಆಗ ನೆಮ್ಮದಿಯ ನಿದ್ರೆ ಬರಬೇಕಿತ್ತಲ್ಲವೆ? ಬೇಗ ಮಾರಿದವರು ಮಾರಿದ್ದಕ್ಕೆ, ಇಟ್ಟುಕೊಂಡವರು ಇಳಿದೀತೆಂಬ ಭಯಕ್ಕೆ, ಎಚ್ಚರವಾಗಿಯೇ ಇದ್ದರು. ಧಾರಣೆ ಏರಿದರೂ ಇಳಿದರೂ ಸಾಮಾಯಿಕದಲ್ಲಿ ಅದೇ ಕೂಗು. ರೌದ್ರಧ್ಯಾನದ ನಾಲ್ಕನೆಯ ಭೇದ ವಿಷಯಸಂರಕ್ಷಣೆ ಎಂದು ಮೊದಲ ಸಲ ಓದಿದಾಗ ನನ್ನ ಕೈ ಅರಿವಿಲ್ಲದೆ ಸೊಂಟದ ಬೀಗದಕೈ ಗೊಂಚಲನ್ನು ಮುಟ್ಟಿ ನೋಡಿತು. ಹಿಂಸೆ, ಅಸತ್ಯ, ಚೌರ್ಯಗಳ ಸಾಲಿನಲ್ಲಿ ಆಚಾರ್ಯರು ಗೋದಾಮಿನ ಕಾವಲನ್ನೂ ಸೇರಿಸಿದ್ದಾರೆ! ಈ ರೌದ್ರವು ದೇಶವಿರತನಾದ ಶ್ರಾವಕನಲ್ಲಿಯೂ, ಆರ್ತವು ಪ್ರಮತ್ತನಾದ ಮುನಿಯಲ್ಲಿಯೂ ಇರಬಹುದೆಂದು ಅದೇ ಸೂತ್ರಗಳು ಹೇಳುತ್ತವೆ. ಮುನಿಗಳಿಗೂ ತಪ್ಪದಿದ್ದುದು ಮಂಡಿಯವನಿಗೆ ತಪ್ಪಬೇಕೆಂದು ಬಯಸುವುದು ಅತಿಯಾಸೆ.

ಇಲ್ಲಿ ಯಾರಾದರೂ ರತ್ನಾಕರವರ್ಣಿಯ ‘ಭರತೇಶ ವೈಭವ’ವನ್ನು ಮುಂದಿಟ್ಟು ನನ್ನನ್ನು ತಡೆಯಬಹುದು. ಹದಿನಾರನೆಯ ಶತಮಾನದಲ್ಲಿ ಮೂಡುಬಿದಿರೆಯ ಈ ಕವಿ ಸಾಂಗತ್ಯದಲ್ಲಿ ಹಾಡಿದ ಭರತನು ಗೃಹಸ್ಥರಿಗೆಲ್ಲ ಪ್ರಿಯನಾದವನು. ಆಸ್ಥಾನ ನಡೆಸುತ್ತಾನೆ, ರಾಣಿಯರೊಡನೆ ವಿನೋದದಲ್ಲಿರುತ್ತಾನೆ, ದಿಗ್ವಿಜಯಕ್ಕೆ ಹೊರಡುತ್ತಾನೆ. ನಡುವೆ ಕಣ್ಣು ಮುಚ್ಚಿದರೆ ಆತ್ಮದ ಬೆಳಕನ್ನು ಕಾಣುತ್ತಾನೆ. ಭೋಗದ ನಡುವೆ ಯೋಗ. ಚಿಕ್ಕಂದಿನಲ್ಲಿ ಇದನ್ನು ಓದಿಸಿ ಕೇಳುತ್ತಿದ್ದ ನಮ್ಮ ತಂದೆಯವರು, ನೋಡು, ಅಂಗಡಿಯಲ್ಲಿ ಕೂತೂ ಇದು ಸಾಧ್ಯ ಎನ್ನುತ್ತಿದ್ದರು. ಕಾವ್ಯದ ಸೊಗಸಿಗೆ ನಾನು ಇಂದಿಗೂ ತಲೆಬಾಗುತ್ತೇನೆ. ಆದರೆ ಒಂದು ಆಕ್ಷೇಪಣೆಯಿದೆ. ರತ್ನಾಕರನ ಭರತನಿಗೆ ಎಲ್ಲವೂ ಬಹಳ ಸುಲಭ. ಅವನು ಕಣ್ಣು ಮುಚ್ಚಿ, ಏನೂ ಕಾಣದೆ, ಬೇಸರದಿಂದ ಎದ್ದು ಬಂದ ಒಂದು ದಿನವನ್ನಾದರೂ ಕವಿ ತೋರಿಸಿದ್ದರೆ ನಮ್ಮಂತಹವರಿಗೆ ಹೆಚ್ಚು ಉಪಕಾರವಾಗುತ್ತಿತ್ತು. ತಮ್ಮನೊಡನೆ ನಡೆಯಬೇಕಾದ ಯುದ್ಧವನ್ನೂ ಕವಿ ಸವಿಮಾತಿನಲ್ಲಿಯೇ ಪರಿಹರಿಸಿಬಿಡುತ್ತಾನೆ. ಜಿನಸೇನರ ಭರತ ಸೋತು, ಸಿಟ್ಟಿಗೆದ್ದು, ತಮ್ಮನ ಮೇಲೆ ಚಕ್ರವನ್ನೇ ಬಿಟ್ಟವನು. ಕೆಟ್ಟದ್ದನ್ನು ಮಾಡದ ಭರತನಿಗೆ ವರ್ಷದ ಕೊನೆಯಲ್ಲಿ ಕಾಡಿಗೆ ನಡೆದು ಹೋಗುವ ಭಾರ ಎಷ್ಟಿರುತ್ತದೆ? ಚಕ್ರ ಬಿಟ್ಟವನಿಗೆ ಗೊತ್ತು. ಆದುದರಿಂದ ಏಕಾಗ್ರತೆಯ ವಿಷಯದಲ್ಲಿ ನನಗೆ ಜಿನಸೇನರೇ ಹೆಚ್ಚು ನಂಬಿಕೆಗೆ ಅರ್ಹರಾಗಿ ಕಾಣುತ್ತಾರೆ.

ಪುರಾಣದಲ್ಲಿ ಇನ್ನೊಂದು ಲೆಕ್ಕವೂ ಇದೆ. ಬಾಹುಬಲಿಗೆ ಕೇವಲಜ್ಞಾನವಾಗಲು ಒಂದು ವರ್ಷ ಹಿಡಿಯಿತು. ಮುಂದೆ ಭರತನು ದೀಕ್ಷೆ ಪಡೆದಾಗ ಅವನಿಗೆ ಅಂತರ್ಮುಹೂರ್ತದಲ್ಲಿಯೇ ಆಯಿತು. ಇದಕ್ಕೆ ವಿದ್ವಾಂಸರು ಅನೇಕ ಸಮಾಧಾನಗಳನ್ನು ಹೇಳುತ್ತಾರೆ. ಭರತನು ದೀಕ್ಷೆಗೆ ಕೂರುವ ಹೊತ್ತಿಗೆ ಯಾರ ಮನೆಯ ಬಾಗಿಲಿಗೂ ಹೋಗುವುದು ಉಳಿದಿರಲಿಲ್ಲ ಎಂಬುದು ನನ್ನ ಊಹೆ. ಊಹೆಯೇ, ಶಾಸ್ತ್ರವಾಕ್ಯವಲ್ಲ.

ನಿಶ್ಚಯನಯದ ಅಭ್ಯಾಸವಿರುವ ಮಿತ್ರರೊಬ್ಬರು ಈ ವಿಚಾರವನ್ನು ಕೇಳಿ, ಹಾಗಾದರೆ ಒಬ್ಬನ ಜ್ಞಾನ ಇನ್ನೊಬ್ಬನ ಕೈಯಲ್ಲಿದೆಯೆಂದು ಹೇಳುತ್ತೀರಾ, ಅದು ಜೈನಮತವೇ ಎಂದು ಆಕ್ಷೇಪಿಸಿದರು. ಆಕ್ಷೇಪಣೆ ಸಮಂಜಸವಾಗಿದೆ. ಉಪಾದಾನವು ಬಾಹುಬಲಿಯ ಆತ್ಮವೇ, ಭರತನು ನಿಮಿತ್ತಮಾತ್ರ, ಅದರಲ್ಲಿ ವಿವಾದವಿಲ್ಲ. ಭರತನು ಬಂದು ಬೆಳಕು ಕೊಡಲಿಲ್ಲ. ಆದರೆ ನಿಮಿತ್ತವೆಂದು ಹೇಳಿಬಿಟ್ಟರೆ ಭರತನು ಬರಬೇಕಾಗಿಯೇ ಇರಲಿಲ್ಲವೆಂದು ಅರ್ಥವೇ? ಹಾಗಿದ್ದರೆ ಜಿನಸೇನರು ಅವನನ್ನು ಕರೆತರುವ ಶ್ರಮ ಪಡುತ್ತಿರಲಿಲ್ಲ. ತಾನು ಹೋಗಬೇಕಾದ ಕಡೆಗೆ ಹೋಗದೆ ತಪ್ಪಿಸಿಕೊಳ್ಳಲು ನಿಶ್ಚಯನಯವನ್ನು ಬಳಸುವವರನ್ನು ನಾನು ನೋಡಿದ್ದೇನೆ. ಕನ್ನಡಿಯಲ್ಲಿಯೂ ನೋಡಿದ್ದೇನೆ.

ನಮ್ಮ ಪೂರ್ವಾಚಾರ್ಯರ ವಿಧಿಗಳಲ್ಲಿ ಈ ಸೂಕ್ಷ್ಮ ಎಂದೋ ಸೇರಿದೆ. ಅಮಿತಗತಿ ಆಚಾರ್ಯರ ಸಾಮಾಯಿಕಪಾಠ ಏಕಾಗ್ರತೆಯ ಮಾತಿನಿಂದ ಆರಂಭವಾಗುವುದಿಲ್ಲ. ಸಕಲ ಜೀವಿಗಳಲ್ಲಿ ಮೈತ್ರಿಯಿರಲಿ ಎಂಬ ಕೋರಿಕೆಯಿಂದ ಆರಂಭವಾಗುತ್ತದೆ. ಕುಳಿತುಕೊಳ್ಳುವ ಮುನ್ನ ಪ್ರತಿಕ್ರಮಣ, ವರ್ಷಕ್ಕೊಮ್ಮೆ ಕ್ಷಮಾವಣಿ. ಮೊದಲು ಬಾಕಿ, ಆಮೇಲೆ ಧ್ಯಾನ. ಆದರೆ ಕ್ಷಮಾವಣಿಯನ್ನು ನಾವು ಏನು ಮಾಡಿದ್ದೇವೆ? ಮುದ್ರಿತ ಪತ್ರಗಳ ಕಾಲದಲ್ಲಿ ಇನ್ನೂರು ಪತ್ರ ಕಳುಹಿಸುತ್ತಿದ್ದೆವು. ಈಗ ಒಂದು ಬೆರಳೊತ್ತಿಗೆ ಐನೂರು ಜನರ ಕ್ಷಮೆ ಕೇಳಿ ಮುಗಿಸುತ್ತೇವೆ. ಆ ಐನೂರರಲ್ಲಿ ನಾವು ನಿಜವಾಗಿ ನೋಯಿಸಿದ ಒಬ್ಬರು ಇರುವುದಿಲ್ಲ. ಎಲ್ಲರ ಕ್ಷಮೆಯನ್ನೂ ಕೇಳುವುದು ಆ ಒಬ್ಬರ ಕ್ಷಮೆಯನ್ನು ಕೇಳದಿರುವ ಸುಲಭೋಪಾಯವಾಗಿದೆ.

ಇಷ್ಟು ಬರೆದ ಮೇಲೆ ನನ್ನ ಪುಟದ ಅಂಚಿನ ಚುಕ್ಕೆಯನ್ನು ಮುಚ್ಚಿಡುವುದು ಸರಿಯಲ್ಲ. 1994ರಲ್ಲಿ ನಾನೂ ನನ್ನ ಅಣ್ಣನೂ ಮಂಡಿಯನ್ನು ಪಾಲು ಮಾಡಿಕೊಂಡೆವು. ಪಾಲಿನಲ್ಲಿ ಅನ್ಯಾಯವಾಗಲಿಲ್ಲ. ಆದರೆ ಪಂಚರ ಎದುರಿಗೆ ನಾನು, ಕೊನೆಯ ಆರು ವರ್ಷದ ಲೆಕ್ಕವನ್ನು ಒಮ್ಮೆ ತೆಗೆಸಿ ನೋಡೋಣ ಎಂದೆ. ಲೆಕ್ಕ ಅಣ್ಣನ ಕೈಯಲ್ಲಿತ್ತು. ಅವರು ಏಳನೆಯ ತರಗತಿಯವರೆಗೆ ಓದಿದವರು, ನಾನು ಪದವೀಧರ. ನಾಲ್ಕು ದಿನ ಕೂತು ಪರಿಶೀಲಿಸಿದೆ. ಒಂದು ರೂಪಾಯಿ ವ್ಯತ್ಯಾಸ ಬರಲಿಲ್ಲ. ಲೆಕ್ಕ ಸರಿಯಿದೆ ಎಂದು ಪಂಚರಿಗೆ ವರದಿ ಒಪ್ಪಿಸಿದೆ. ಅಣ್ಣನಿಗೆ ಏನೂ ಹೇಳಲಿಲ್ಲ. ಅವರು ಎದ್ದು ಹೆಗಲ ಮೇಲೆ ಟವೆಲು ಹಾಕಿಕೊಂಡು ಹೊರಟುಹೋದರು. ಆ ತಿಂಗಳೇ ಚಿಕ್ಕನಾಯಕನಹಳ್ಳಿಗೆ ಮನೆ ಬದಲಾಯಿಸಿದರು. ಮದುವೆ-ಮುಂಜಿಗಳಲ್ಲಿ ಎದುರಾದರೆ ಬಾ, ಕೂತ್ಕೋ ಎನ್ನುವಷ್ಟು ಮಾತು ಉಳಿಯಿತು.

ಇಪ್ಪತ್ತೈದು ವರ್ಷ ಬೆಳಗಿನ ಸಾಮಾಯಿಕದಲ್ಲಿ ಆ ಟವೆಲು ಬರುತ್ತಿತ್ತು. ಹೊರದೂಡಿದೆ. ಜಪಮಾಲೆಯನ್ನು ಎರಡರಷ್ಟು ತಿರುಗಿಸಿದೆ. ಪಾಠವನ್ನು ಗಟ್ಟಿಯಾಗಿ ಹೇಳಿ ನೋಡಿದೆ. ಕೆಲವು ದಿನ ನಾನೇ ಬಾಹುಬಲಿಯೆಂದೂ, ಅಣ್ಣನೇ ಬರಬೇಕಾದವನೆಂದೂ ಅಂದುಕೊಂಡೆ. ಕೆಲವು ದಿನ ಅದು ಅಹಂಕಾರವಾಗಿ ಕಾಣುತ್ತಿತ್ತು: ಪದವೀಧರನಾದ ನಾನು ಅವರ ಮುಂದೆ ತಪ್ಪಾಯಿತೆಂದು ಹೇಳುವುದೇ? ಕೆಲವು ದಿನ ಮರುಕವಾಗಿ ಕಾಣುತ್ತಿತ್ತು: ಅವರಿಗೆ ನನ್ನಿಂದ ನೋವಾಯಿತಲ್ಲ. ಕುಂದಕುಂದರು ಮಾನವೆಂದದ್ದೂ, ಜಿನಸೇನರು ಸ್ನೇಹವೆಂದದ್ದೂ ಬೇರೆ ಬೇರೆ ಕಥೆಗಳೆಂದು ವಿದ್ವಾಂಸರು ಚರ್ಚಿಸುತ್ತಾರೆ. ನನ್ನ ಅನುಭವದಲ್ಲಿ ಅವೆರಡೂ ಒಂದೇ ಮುಳ್ಳಿನ ಎರಡು ದಿನಗಳು. ಮರುಕವಿಲ್ಲದಿದ್ದರೆ ಅದು ನೆನಪಾಗುತ್ತಿರಲಿಲ್ಲ, ಮಾನವಿಲ್ಲದಿದ್ದರೆ ಅಷ್ಟು ವರ್ಷ ಉಳಿಯುತ್ತಿರಲಿಲ್ಲ.

2019ರ ಕ್ಷಮಾವಣಿಯ ಮರುದಿನ ಬಸ್ಸು ಹತ್ತಿ ಚಿಕ್ಕನಾಯಕನಹಳ್ಳಿಗೆ ಹೋದೆ. ಅಣ್ಣ ಜಗಲಿಯ ಮೇಲೆ ಕೂತಿದ್ದರು. ಅತ್ತಿಗೆ ಮಜ್ಜಿಗೆ ತಂದುಕೊಟ್ಟರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. “ಅಣ್ಣ, ಅವತ್ತು ನಾನು ಲೆಕ್ಕ ತೆಗೆಸಬಾರದಿತ್ತು” ಎಂದಷ್ಟೇ ಹೇಳಿದೆ. ಅವರು ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿದರು. “ಲೆಕ್ಕ ಸರಿಯಾಗೇ ಇತ್ತಲ್ಲೋ” ಎಂದರು. ಅನಂತರ, “ಇವತ್ತು ಕೊಬ್ಬರಿ ಎಷ್ಟಕ್ಕೆ ಹೋಯ್ತು?” ಎಂದು ಕೇಳಿದರು. ಹೇಳಿದೆ. ಊಟ ಮಾಡಿಕೊಂಡು ಸಂಜೆಯ ಬಸ್ಸಿಗೆ ಬಂದೆ.

ಆಮೇಲೆ ನನ್ನ ಸಾಮಾಯಿಕ ನಿಶ್ಚಲವಾಯಿತೆಂದು ಯಾರೂ ಭಾವಿಸಬಾರದು. ಧಾರಣೆ ಬರುತ್ತದೆ, ಲಾರಿ ಬರುತ್ತದೆ, ಮಂಡಿನೋವು ಬರುತ್ತದೆ, ಚುಕ್ಕೆ ಇಡುತ್ತೇನೆ. ಆ ಟವೆಲು ಬಂದಿಲ್ಲ.

ಹೊತ್ತಗೆಯ ಪ್ರಕಾಶಕರಲ್ಲಿ ಒಂದು ವಿಜ್ಞಾಪನೆ. ಮುಂದಿನ ಮುದ್ರಣದಲ್ಲಿ ಒಂದು ಗಂಟೆಯೆಂಬುದನ್ನು ಸೂತ್ರಕ್ಕೆ ಅನುಗುಣವಾಗಿ ತಿದ್ದಬೇಕು. ಬಾಹುಬಲಿಯ ಉದಾಹರಣೆಯನ್ನು ಉಳಿಸಿಕೊಳ್ಳುವುದಾದರೆ ವರ್ಷಾಂತ್ಯದಲ್ಲಿ ಭರತನು ಬಂದದ್ದನ್ನೂ ಸೇರಿಸಬೇಕು. ಅದಕ್ಕೆ ಅರ್ಧ ಪುಟ ಸಾಕು. ಸ್ಥಳ ಸಾ­ಲದಿದ್ದರೆ ದಾನಿಗಳ ಪಟ್ಟಿಯನ್ನು ಸ್ವಲ್ಪ ಮೊಟಕು ಮಾಡಬಹುದು. ಅದರ ಎರಡನೆಯ ಪುಟದಲ್ಲಿ ನನ್ನ ಹೆಸರೂ ಇದೆ. ಮೊದಲು ಅದನ್ನು ತೆಗೆದರೆ ನನ್ನ ಅಭ್ಯಂತರವಿಲ್ಲ.